ಬೆಂಕಿ ಬೆಟ್ಟದ ಕೆಳಗೆ ಒಂದು ಮೊಳ ಗೋಡೆ

ಬೆಟ್ಟಗಳ ವಿಷಯದಲ್ಲಿ ನಾವು ತುಮಕೂರಿನವರು ನಿಶ್ಚಿಂತರು. ನಮ್ಮ ಬೆಟ್ಟಗಳು ಕೂತಲ್ಲೇ ಕೂತಿರುತ್ತವೆ. ಭಾನುವಾರ ಬೆಳಗ್ಗೆ ದೇವರಾಯನದುರ್ಗ ಹತ್ತಿ, ದೇವರಿಗೆ ಕೈಮುಗಿದು, ಕಟ್ಟಿಕೊಂಡು ಹೋದ ಪುಳಿಯೋಗರೆಯಲ್ಲಿ ಅರ್ಧವನ್ನು ಕೋತಿಗಳಿಗೆ ಒಪ್ಪಿಸಿ, ಉಳಿದರ್ಧವನ್ನು ನಾವು ತಿಂದು ಇಳಿದು ಬಂದರೆ ಬೆಟ್ಟಕ್ಕೂ ನಮಗೂ ಇರುವ ವ್ಯವಹಾರ ಮುಗಿಯಿತು. ಅದು ನಮ್ಮ ಮೇಲೆ ಏನನ್ನೂ ಉಗುಳುವುದಿಲ್ಲ. ಉಗುಳುವುದೇನಿದ್ದರೂ ಎಲೆಅಡಿಕೆ ಜಗಿದ ನಾವೇ ಅದರ ಮೇಲೆ.

ಆದ್ದರಿಂದ ಕಳೆದ ವರ್ಷ ಫೆಬ್ರವರಿಯ ಒಂದು ಬೆಳಗ್ಗೆ, ಭೂಗೋಳದ ಇನ್ನೊಂದು ಮಗ್ಗುಲಲ್ಲಿ, ಮಧ್ಯ ಅಮೆರಿಕದ ಗ್ವಾಟೆಮಾಲ ದೇಶದ ಆಂಟಿಗುವಾ ಎಂಬ ಹಳೆಯ ಪಟ್ಟಣದಲ್ಲಿ, ಒಂದು ತಾರಸಿಯ ಮೇಲೆ ಕಾಫಿ ಕುಡಿಯುತ್ತಿದ್ದಾಗ ಎದುರಿನ ಬೆಟ್ಟ ಸದ್ದಿಲ್ಲದೆ ಒಂದುಂಡೆ ಹೊಗೆ ಬಿಟ್ಟದ್ದನ್ನು ಕಂಡು ನಾನು ಲೋಟ ಕೆಳಗಿಟ್ಟೆ. ಅದು ಮೋಡವಿರಬಹುದೆಂಬ ಆಸೆಯಿಂದ ಕನ್ನಡಕ ಒರೆಸಿ ಮತ್ತೆ ನೋಡಿದೆ. ಅಷ್ಟರಲ್ಲಿ ಎರಡನೆಯ ಉಂಡೆ ಹೊರಟಿತು. ಪಕ್ಕದಲ್ಲಿ ಕೂತಿದ್ದ ಗಂಗಪ್ಪನವರು ಮಾತ್ರ ಲೋಟ ಇಡಲಿಲ್ಲ. ಒಂದು ಗುಟುಕು ಕುಡಿದು, ಬೆಟ್ಟವನ್ನು ವೃತ್ತಿಪರ ಕಣ್ಣಿನಿಂದ ಅಳೆದು, "ಇಟ್ಟಿಗೆ ಗೂಡು ಇದ್ದಂಗದೆ ಸಾರ್. ಒಳಗೆ ಬೆಂಕಿ ಸಮ ಹತ್ತಿಲ್ಲ, ಅದಕ್ಕೇ ಹೊಗೆ" ಎಂದರು.

ಈ ಗಂಗಪ್ಪನವರು ಯಾರು, ನಾವಿಬ್ಬರೂ ಅಲ್ಲಿಗೆ ಯಾಕೆ ಹೋದೆವು ಎಂಬುದನ್ನು ಮೊದಲು ಹೇಳಿಬಿಡುತ್ತೇನೆ. ಅವರು ಗುಬ್ಬಿ ತಾಲ್ಲೂಕಿನ ಕಡಬದವರು. ಎಪ್ಪತ್ತರ ಆಸುಪಾಸಿನ ಗಾರೆ ಮೇಸ್ತ್ರಿ. ಗಾರೆ ಎಂದರೆ ಸಿಮೆಂಟು ಬರುವ ಮುಂಚೆ ನಮ್ಮ ಗುಡಿ, ಕಲ್ಯಾಣಿ, ಮಾಳಿಗೆ ಮನೆಗಳನ್ನೆಲ್ಲ ಹಿಡಿದು ನಿಲ್ಲಿಸಿದ್ದ ಪಾಕ: ನೆನೆದು ಹಣ್ಣಾದ ಸುಣ್ಣ, ಜರಡಿ ಹಿಡಿದ ಮರಳು, ಇಟ್ಟಿಗೆ ಪುಡಿ, ಬೆಲ್ಲದ ನೀರು, ಅಳಲೆಕಾಯಿ ನೆನೆಸಿದ ಕಷಾಯ. ಅವರ ತಂದೆಯೂ ತಾತನೂ ಇದೇ ಕೆಲಸದವರು. ನಡುವೆ ಮೂರು ದಶಕ ಗಾರೆಯನ್ನು ಯಾರೂ ಕೇಳದಿದ್ದಾಗ ಗಂಗಪ್ಪನವರು ಗುಬ್ಬಿ, ತುಮಕೂರಿನ ಹೊಸ ಮನೆಗಳಿಗೆ ಸಿಮೆಂಟು ಮೆತ್ತುತ್ತಾ ಕಾಲ ತಳ್ಳಿದರು. ಈಚೆಗೆ ಹಳೆಯ ಗುಡಿಗಳನ್ನು ಹಳೆಯ ರೀತಿಯಲ್ಲೇ ದುರಸ್ತಿ ಮಾಡಬೇಕೆಂಬ ವಿವೇಕ ನಾಡಿಗೆ ಮೂಡಿದ ಮೇಲೆ ಅವರ ಕರಣೆಗೆ ಮತ್ತೆ ಗೌರವ ಬಂತು.

ನಾನಾದರೋ ನಿವೃತ್ತ ಸರ್ಕಾರಿ ಇಂಜಿನಿಯರು. ನನ್ನ ವೃತ್ತಿಜೀವನವನ್ನು ಒಂದು ಪದದಲ್ಲಿ ಹೇಳಬೇಕೆಂದರೆ ಸಿಮೆಂಟು. ಎರಡು ಪದಗಳಿಗೆ ಅವಕಾಶವಿದ್ದರೆ, ಇನ್ನಷ್ಟು ಸಿಮೆಂಟು.

ಎರಡು ವರ್ಷದ ಹಿಂದೆ ಬೆಯಾತ್ರಿಸ್ ಎಂಬ ಹೆಣ್ಣುಮಗಳು, ಆಂಟಿಗುವಾದ ಪಾಳು ಕಟ್ಟಡಗಳನ್ನು ನೋಡಿಕೊಳ್ಳುವ ವಾಸ್ತುಶಿಲ್ಪಿ, ನಮ್ಮ ಕಡೆಯ ಹಳೆಯ ಗುಡಿಗಳನ್ನು ನೋಡಲು ಬಂದಿದ್ದಳು. ಕುಣಿಗಲ್ ಹತ್ತಿರದ ಒಂದು ಮಂಟಪದಲ್ಲಿ ಗಂಗಪ್ಪನವರು ಗಾರೆ ಹಾಕುತ್ತಿದ್ದುದನ್ನು ಕಂಡವಳು ಮುಂದಿನ ಗುಡಿಗೆ ಹೋಗುವುದನ್ನೇ ಬಿಟ್ಟು ಸಂಜೆಯವರೆಗೂ ಕಲ್ಲಿನ ಮೇಲೆ ಕೂತು ನೋಡಿದಳಂತೆ. ಊರಿಗೆ ಮರಳಿ ಪತ್ರ ಬರೆದಳು: ನಮ್ಮಲ್ಲಿ ಮೇಸ್ತ್ರಿಗಳಿಗಾಗಿ ಹದಿನೈದು ದಿನದ ಶಿಬಿರವಿದೆ, ನೀವು ಬಂದು ನಿಮ್ಮ ವಿದ್ಯೆಯನ್ನು ತೋರಿಸಬೇಕು, ಜೊತೆಗೆ ಇಂಗ್ಲಿಷ್ ಬಲ್ಲ ಒಬ್ಬರನ್ನು ಕರೆತನ್ನಿ. ಗಂಗಪ್ಪನವರಿಗೆ ಕಾಲೇಜು ಓದಿದ ಮೊಮ್ಮಗನಿದ್ದಾನೆ, ಇಂಗ್ಲಿಷ್ ಮೇಷ್ಟರಾದ ಅಳಿಯನೂ ಇದ್ದಾರೆ. ಆದರೂ ಅವರು ಬಸ್ಸು ಹತ್ತಿ ತುಮಕೂರಿಗೆ ಬಂದು, ನಮ್ಮ ಮನೆಯ ಜಗಲಿಯಲ್ಲಿ ಕೂತು, "ನೀವು ಬನ್ನಿ ಸಾರ್" ಎಂದರು. ನನ್ನ ಇಂಗ್ಲಿಷಿನ ಕೀರ್ತಿ ಕಡಬದ ಕೆರೆಯ ಏರಿಯವರೆಗೂ ಹಬ್ಬಿದೆ ಎಂದು ನಾನು ಒಳಗೊಳಗೇ ಉಬ್ಬಿದೆ. ಹೆಂಡತಿ ಮಾತ್ರ, "ನಿಮ್ಮನ್ನೇ ಯಾಕಂತೆ?" ಎಂದಳು. ಮೂವತ್ತೈದು ವರ್ಷದ ದಾಂಪತ್ಯದಲ್ಲಿ ಅವಳ ಪ್ರಶ್ನೆಗಳನ್ನು ಅಲಕ್ಷಿಸುವ ಕಲೆಯಲ್ಲಿ ನಾನು ಸಾಕಷ್ಟು ಪಳಗಿದ್ದೇನೆ.

ವಿಘ್ನ ಗ್ವಾಟೆಮಾಲದ ವಿಮಾನ ನಿಲ್ದಾಣದಲ್ಲೇ ಕಾದಿತ್ತು. ಗಂಗಪ್ಪನವರ ಚೀಲದಿಂದ ಎರಡು ಕೇಜಿ ಒಣ ಅಳಲೆಕಾಯಿ ಹೊರಬಿದ್ದಾಗ ಅಲ್ಲಿನ ಅಧಿಕಾರಿ ಒಂದನ್ನು ಬೆಳಕಿಗೆ ಹಿಡಿದು, ಮೂಸಿ, ಇದನ್ನು ತಿನ್ನುತ್ತೀರಾ ಎಂದು ಕೇಳಿದ. ಇಲ್ಲ, ಗೋಡೆಗೆ ಕುಡಿಸುತ್ತೇವೆ ಎಂದು ನಾನು ಪ್ರಾಮಾಣಿಕವಾಗಿ ಉತ್ತರಿಸಿದೆ. ಆತ ಇನ್ನೊಂದು ಮಾತನ್ನೂ ಆಡದೆ ಅಷ್ಟನ್ನೂ ಬುಟ್ಟಿಗೆ ಹಾಕಿದ. ಪರದೇಶದ ಬೀಜಗಳನ್ನು ಒಳಗೆ ಬಿಡುವಂತಿಲ್ಲ, ತಪ್ಪು ಅವನದಲ್ಲ. ಚೀಲದಲ್ಲಿದ್ದ ಕೊಬ್ಬರಿ ಎಣ್ಣೆಯ ಬಾಟಲಿಗೆ ಮಾತ್ರ ಅಭಯ ಸಿಕ್ಕಿತು. ಟ್ಯಾಕ್ಸಿಯಲ್ಲಿ ಗಂಗಪ್ಪನವರು ಹಗುರಾದ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು, "ಅಳಲೆ ನೀರಿಲ್ದೆ ಗಾರೆ ಹಿಡಿಯಲ್ಲ ಸಾರ್. ಇಷ್ಟು ದೂರ ಬಂದು ನಮ್ಮಪ್ಪನ ಹೆಸರು ಕೆಡಿಸ್ತೀನಾ ಏನೋ" ಎಂದರು. ಆ ಮಾತಿನಲ್ಲಿ 'ನಮ್ಮಪ್ಪ' ಎಂಬ ಪದ ಆಮೇಲೆ ನನಗೆ ಚುಚ್ಚಿತು, ಆಗ ಚುಚ್ಚಲಿಲ್ಲ.

ಆಂಟಿಗುವಾ ಎಂದರೆ ಸ್ಪ್ಯಾನಿಷ್ ಭಾಷೆಯಲ್ಲಿ 'ಹಳೆಯದು' ಎಂದೇ ಅರ್ಥ. ನಮ್ಮ ಹಳೇಪೇಟೆಯ ಹಾಗೆ. ಸ್ಪೇನಿನವರು ಆಳುತ್ತಿದ್ದ ಕಾಲದಲ್ಲಿ ಅದು ಹೊಸತಾಗಿಯೇ ಇತ್ತು, ದೊಡ್ಡ ಸೀಮೆಯೊಂದರ ರಾಜಧಾನಿಯಾಗಿತ್ತು. ಸುತ್ತ ಮೂರು ಜ್ವಾಲಾಮುಖಿಗಳಿರುವ ಎತ್ತರದ ಕಣಿವೆಯಲ್ಲಿ, ಚದುರಂಗದ ಮಣೆಯಂತೆ ಬೀದಿಗಳನ್ನು ಎಳೆದು, ಬೀದಿಗೊಂದರಂತೆ ಚರ್ಚು ಕಟ್ಟಿದರು. ಎರಡೂವರೆ ಶತಮಾನದ ಹಿಂದೆ ಭೂಮಿ ಮೈಕೊಡವಿ ಅದನ್ನೆಲ್ಲ ಕೆಡವಿತು. ಆಳುವವರು ರಾಜಧಾನಿಯ ಪಟ್ಟವನ್ನು ಎತ್ತಿಕೊಂಡು ಇನ್ನೊಂದು ಕಣಿವೆಗೆ ಹೊರಟರು. ಹೋಗಲು ಬೇರೆ ಜಾಗವಿಲ್ಲದವರು ಇಲ್ಲೇ ಉಳಿದರು, ಮತ್ತು ಅವರು ಉಳಿದದ್ದರಿಂದಲೇ ಊರೂ ಉಳಿಯಿತು. ಈಗ ಉರುಟುಗಲ್ಲಿನ ಬೀದಿಗಳ ಎರಡು ಕಡೆ ಅರಿಸಿನ, ಕುಂಕುಮ, ನೀಲಿ ಬಳಿದ ತಗ್ಗು ಹೆಂಚಿನ ಮನೆಗಳು. ನಡುನಡುವೆ ಸೂರಿಲ್ಲದ ಚರ್ಚುಗಳು, ಅವುಗಳ ಕಮಾನಿನ ಒಳಗೆ ಆಕಾಶ. ಒಂದು ಬೆಟ್ಟಕ್ಕೆ ನೀರಿನ ಹೆಸರು, ಇನ್ನೊಂದಕ್ಕೆ ಬೆಂಕಿಯ ಹೆಸರು. ನೀರಿನದು ಸುಮ್ಮನಿದೆ, ಬೆಂಕಿಯದು ಹೆಸರಿಗೆ ತಕ್ಕ ಹಾಗೆ ನಡೆದುಕೊಳ್ಳುತ್ತದೆ. ಇಷ್ಟೆಲ್ಲದರ ನಡುವೆ ಒಂದು ಮೂಲೆಯಿಂದ ಕೆಂಪು ಆಟೋ ಬುರಬುರನೆ ಬಂದಾಗ ಗಂಗಪ್ಪನವರು ನನ್ನ ತೋಳು ಹಿಡಿದು, "ನಮ್ಮೋನು ಸಾರ್!" ಎಂದು ಕೂಗಿದರು. ತುಮಕೂರಿನ ಬಸ್ ಸ್ಟ್ಯಾಂಡ್ ಮುಂದೆ ಆಟೋದವರೊಡನೆ ಜಗಳವಾಡದ ದಿನವಿಲ್ಲದ ನಾನೂ ಅಂದು ಒಂದು ಆಟೋಗೆ ಕೈಬೀಸಿದೆ.

ಶಿಬಿರ ನಡೆದದ್ದು ಪಾಳುಬಿದ್ದ ಒಂದು ಸನ್ಯಾಸಿನಿಯರ ಮಠದ ಒಳ ಅಂಗಳದಲ್ಲಿ. ಅಲ್ಲಿನ ಹಿರಿಯ ಮೇಸ್ತ್ರಿಯ ಹೆಸರು ದೋನ್ ತೊಮಾಸ್ ಎಂದು ಬೆಯಾತ್ರಿಸ್ ಪರಿಚಯಿಸಿದಾಗ ಗಂಗಪ್ಪನವರು ನನ್ನ ಕಿವಿಯಲ್ಲಿ, "ಡಾನಾ? ಪಾಪದೋನ ತರ ಕಾಣ್ತಾನೆ" ಎಂದರು. ದೋನ್ ಎಂದರೆ ಶ್ರೀಯುತ, ನಮ್ಮ ಸಿನಿಮಾದ ಡಾನ್ ಅಲ್ಲ ಎಂದು ವಿವರಿಸಿದೆ. ಎರಡನೆಯ ದಿನದಿಂದ ಗಂಗಪ್ಪನವರ ಬಾಯಲ್ಲಿ ದೋನ್ ತೊಮಾಸ್ 'ತಮ್ಮಣ್ಣ' ಆದ. ಅವನ ಬಾಯಲ್ಲಿ ಇವರು 'ದೋನ್ ಗಂಗಾ' ಆದರು.

ಮೊದಲ ದಿನ ಗಂಗಪ್ಪನವರು ತಮ್ಮ ಮನೆತನದ ಬಗ್ಗೆ ನಾಲ್ಕು ಮಾತು ಹೇಳಬೇಕಿತ್ತು. ಅವರ ಕನ್ನಡವನ್ನು ನಾನು ಇಂಗ್ಲಿಷಿಗೆ, ನನ್ನ ಇಂಗ್ಲಿಷನ್ನು ಬೆಯಾತ್ರಿಸ್ ಸ್ಪ್ಯಾನಿಷಿಗೆ ದಾಟಿಸುವ ವ್ಯವಸ್ಥೆ. ತಂದೆ ಕೆಲಸ ಮಾಡಿದ ಜಾಗಗಳನ್ನು ಹೆಸರಿಸುತ್ತಾ ಅವರು ಗುಬ್ಬಿಯಾಚೆಯ ಒಂದು ಸಣ್ಣ ಊರಿನ ಕಲ್ಯಾಣಿಯ ಹೆಸರು ಹೇಳಿದರು. ನನ್ನ ನಾಲಗೆ ಅಲ್ಲಿ ತಡವರಿಸಿತು. ಊರಿನ ಹೆಸರನ್ನಷ್ಟೇ ದಾಟಿಸಿ ಮುಂದಕ್ಕೆ ಹೋದೆ.

ಮೂರನೆಯ ದಿನಕ್ಕೆ ನನಗೆ ಕೆಲಸವಿಲ್ಲದಂತಾಯಿತು. ಕಾರಣ 'ಹದ' ಎಂಬ ಎರಡಕ್ಷರ. ಸುಣ್ಣ ಹದಕ್ಕೆ ಬರಬೇಕು ಎಂದು ಗಂಗಪ್ಪನವರು ಹೇಳಿದಾಗ ನಾನು ಒಮ್ಮೆ ಮೃದುತ್ವವೆಂದೂ ಒಮ್ಮೆ ಪಕ್ವತೆಯೆಂದೂ ಮತ್ತೊಮ್ಮೆ ಪ್ರಮಾಣವೆಂದೂ ಇಂಗ್ಲಿಷಿನಲ್ಲಿ ಹೇಳಿದ್ದರಿಂದ ಮೂರನ್ನೂ ಬರೆದುಕೊಂಡ ಬೆಯಾತ್ರಿಸ್ ತಲೆ ಕೆರೆದುಕೊಂಡಳು. ತಮ್ಮಣ್ಣ ಎದ್ದು ಹೋಗಿ ಸುಣ್ಣದೊಳಗೆ ಬೆರಳು ಅದ್ದಿ, ಮೇಲೆತ್ತಿ, ಅದು ಇಳಿಯುವ ಬಗೆಯನ್ನು ನೋಡಿ, "ಪುಂತೊ" ಎಂದ. "ಅದೇ ಕಣೋ ಹದ!" ಎಂದರು ಗಂಗಪ್ಪ. ಆಮೇಲೆ ಅವರಿಬ್ಬರಿಗೂ ನಾನು ಬೇಕಾಗಲಿಲ್ಲ. ಇವರು ಕನ್ನಡದಲ್ಲೂ ಅವನು ಸ್ಪ್ಯಾನಿಷಿನಲ್ಲೂ ನಿರಾತಂಕವಾಗಿ ಮಾತಾಡಿಕೊಂಡರು. ದುಭಾಷಿಯಾಗಿ ಹೋದವನು ನಿರ್ಭಾಷಿಯಾಗಿ ಒಂದು ಪ್ಲಾಸ್ಟಿಕ್ ಕುರ್ಚಿ ಹುಡುಕಿಕೊಂಡೆ.

ಅಳಲೆಕಾಯಿಯ ಕೊರತೆಯನ್ನು ನೀಗಿದವನೂ ತಮ್ಮಣ್ಣನೇ. ಬೆಲ್ಲ ಅಲ್ಲೂ ಸಿಗುತ್ತದೆ. ಗಂಗಪ್ಪನವರು ಚೂರು ಬಾಯಿಗೆ ಹಾಕಿಕೊಂಡು, ಮಡ್ಡಿ ಸ್ವಲ್ಪ ಜಾಸ್ತಿ, ಪರವಾಗಿಲ್ಲ ಎಂದು ಪಾಸು ಮಾಡಿದ್ದರು. ಆದರೆ ಗಾರೆಯನ್ನು ಬಿಗಿಯುವುದಕ್ಕೆ ಏನು? ನಾನು ಸೀಜಾದ ಕಾಯಿಗಳ ಕಥೆಯನ್ನು ಬೆಯಾತ್ರಿಸಳಿಗೆ ಹೇಳಿದ್ದು ತಮ್ಮಣ್ಣನಿಗೆ ತಲುಪಿತು. ಮಾರನೆಯ ಬೆಳಗ್ಗೆ ಅವನು ಒಂದು ಗೋಣಿಚೀಲ ತಂದು ಅಂಗಳದಲ್ಲಿ ಸುರಿದ. ದಪ್ಪ ದಪ್ಪ ಹಸಿರು ಹಾಳೆಗಳು, ಮೈತುಂಬ ಮುಳ್ಳು. ಗಂಗಪ್ಪನವರು ಒಂದು ಕ್ಷಣ ನೋಡಿ ನಗಲು ಶುರುಮಾಡಿದರು. "ಪಾಪಾಸುಕಳ್ಳಿ ಸಾರ್! ನಮ್ಮ ಹೊಲದ ಬೇಲಿ! ಇದ್ನ ಕೊಚ್ಚಿ ನೀರಲ್ಲಾಕಿದ್ರೆ ಲೋಳೆ ಬುಡ್ತದೆ. ನಮ್ಮ ತಾತ ಅಳಲೆ ಸಿಗದಿದ್ರೆ ಇದ್ನೇ ಹಾಕ್ತಿದ್ನಂತೆ. ನಾನು ಕಂಡಿರ್ಲಿಲ್ಲ." ಆ ಗಿಡದ ತವರೇ ಅಮೆರಿಕ ಎಂದು ಬೆಯಾತ್ರಿಸ್ ಹೇಳಿದಾಗ ನನಗೆ ನಮ್ಮ ಅಡಿಗೆಮನೆ ನೆನಪಾಯಿತು. ಮೆಣಸಿನಕಾಯಿ, ಟೊಮೆಟೊ, ಪರಂಗಿ, ಸೀಬೆ, ಸೀಮೆಬದನೆ, ಎಲ್ಲವೂ ಈ ದಿಕ್ಕಿನಿಂದ ಹಡಗು ಹತ್ತಿ ಬಂದು ನಮ್ಮ ಸಾರಿನಲ್ಲಿ ಮುಳುಗಿದವೇ. ಅವು ಬರುವಾಗ ನಮ್ಮ ಕಡೆ ಚೀಲ ತಡಕುವ ಅಧಿಕಾರಿಗಳಿರಲಿಲ್ಲವೆಂಬುದು ನಮ್ಮ ನಾಲಗೆಯ ಪುಣ್ಯ.

ಆರನೆಯ ದಿನ ಬೆಯಾತ್ರಿಸ್ ನಮ್ಮನ್ನು ಮಠದ ಒಂದು ಮೂಲೆಗೆ ಕರೆದೊಯ್ದಳು. ಅಲ್ಲಿ ಹಿಂದೆ ಯಾರೋ ಹಳೆಯ ಗಾರೆಯನ್ನು ಕಿತ್ತು ಸಿಮೆಂಟು ಹಾಕಿದ್ದರು. ಸಿಮೆಂಟಿನ ಹಿಂದೆ ನೀರು ಸಿಕ್ಕಿಕೊಂಡು ಗೋಡೆ ಬೆವರಿ, ಉಪ್ಪು ಉಬ್ಬಿ, ಒಳಗಿನ ಇಟ್ಟಿಗೆ ಬೆರಳು ತಾಗಿದರೆ ಉದುರುತ್ತಿತ್ತು. ಗಾರೆ ಉಸಿರಾಡುತ್ತದೆ, ಸಿಮೆಂಟು ಬಾಯಿ ಮುಚ್ಚುತ್ತದೆ ಎಂದಳು. "ಒಳ್ಳೆಯ ಉದ್ದೇಶದಿಂದಲೇ ಮಾಡಿದ್ದಾರೆ" ಎಂದೂ ಸೇರಿಸಿದಳು. ಆ ಕೊನೆಯ ವಾಕ್ಯವನ್ನು ನಾನು ಕನ್ನಡಕ್ಕೆ ತರಲಿಲ್ಲ. ಗಂಗಪ್ಪನವರು ಗೋಡೆಯನ್ನೇ ನೋಡುತ್ತಿದ್ದರು. ನನ್ನ ಕಡೆ ತಿರುಗಲಿಲ್ಲ.

ಗುಬ್ಬಿಯಾಚೆಯ ಆ ಕಲ್ಯಾಣಿಗೆ ಸಿಮೆಂಟು ಹಾಕಿಸಿದವನು ನಾನು. ಕೆಲಸಕ್ಕೆ ಸೇರಿದ ಹೊಸತು. ಕಲ್ಯಾಣಿಯ ಮಂಟಪದ ಗಾರೆ ಪಾಚಿಗಟ್ಟಿ ಕಪ್ಪಾಗಿತ್ತು. ಅದನ್ನು ಕಿತ್ತು ಸಿಮೆಂಟು ಪ್ಲಾಸ್ಟರು ಮಾಡಬೇಕೆಂದು ನೀಟಾಗಿ ಬರೆದು ಸಹಿ ಹಾಕಿದೆ. ಕೆಲಸ ಶುರುವಾದ ದಿನ ಆ ಗಾರೆ ಹಾಕಿದ್ದ ಮುದುಕ ಮೇಸ್ತ್ರಿಯೇ ಬಂದು ಕೈಮುಗಿದು, ಇದನ್ನು ಕೀಳಬೇಡಿ ಬುದ್ಧಿ, ಪಾಚಿ ಮ್ಯಾಲಿಂದಷ್ಟೆ, ಒಳಗೆ ಗಟ್ಟಿಯಾಗೇ ಅದೆ ಎಂದ. ನಾನು ಮೋಟರ್ ಬೈಕಿನ ಮೇಲಿಂದ ಇಳಿಯದೆಯೇ, "ಕಾಲ ಬದಲಾಗಿದೆ ಅಜ್ಜ" ಎಂದೆ. ಐದಾರು ಮಳೆಗಾಲ ಕಳೆಯುವುದರಲ್ಲಿ ಸಿಮೆಂಟು ಉಬ್ಬಿ, ಕಳಚಿ, ಕಲ್ಲುಗಳನ್ನೂ ಜೊತೆಗೆ ಎಳೆದುಕೊಂಡು ಮಂಟಪ ಕಲ್ಯಾಣಿಯೊಳಗೆ ಕೂತಿತಂತೆ. ಆಗ ನಾನು ವರ್ಗವಾಗಿ ಬೇರೆ ಜಿಲ್ಲೆಯಲ್ಲಿದ್ದೆ. ಸುದ್ದಿ ಕೇಳಿದೆ, ಹೋಗಿ ನೋಡಲಿಲ್ಲ. ಆ ಮುದುಕ ಗಂಗಪ್ಪನವರ ತಂದೆ ಎಂದು ನನಗೆ ತಿಳಿದದ್ದು ಶಿಬಿರದ ಮೊದಲ ದಿನ, ಅವರ ಮಾತನ್ನು ಇಂಗ್ಲಿಷಿಗೆ ತರುತ್ತಿದ್ದ ಆ ಗಳಿಗೆಯಲ್ಲಿ.

ಹತ್ತನೆಯ ದಿನ ಬೆಳಗ್ಗೆ ಹನ್ನೊಂದರ ಹೊತ್ತು. ಗಂಗಪ್ಪನವರೂ ತಮ್ಮಣ್ಣನೂ ಎರಡಾಳೆತ್ತರದ ಸಾರುವೆಯ ಮೇಲೆ ನಿಂತು ಹಸಿ ಗಾರೆ ತೀಡುತ್ತಿದ್ದರು. ನಾನು ಕೆಳಗೆ ಕುರ್ಚಿಯಲ್ಲಿ ಕೂತು ಟಿಪ್ಪಣಿ ಬರೆಯುತ್ತಿದ್ದೆ. ಗುಬ್ಬಿ ಸ್ಟೇಷನ್ನಿನಲ್ಲಿ ನಿಂತಿದ್ದಾಗ ಗೂಡ್ಸ್ ರೈಲು ನಿಲ್ಲದೆ ಹಾದು ಹೋಗುವಂಥ ಸದ್ದು ಎಲ್ಲಿಂದಲೋ ಬಂತು. ಇಲ್ಲಿ ರೈಲೆಲ್ಲಿ ಎಂದು ನಾನು ಯೋಚಿಸುವಷ್ಟರಲ್ಲಿ ಕುರ್ಚಿ ಅಡ್ಡಡ್ಡ ಆಡಿತು. ಮುಂದಿನದು ನನಗೆ ಸರಿಯಾಗಿ ನೆನಪಿಲ್ಲ. ನೆನಪಾಗುವಾಗ ನಾನು ಅಂಗಳದ ನಟ್ಟನಡುವೆ, ಎಲ್ಲರಿಗಿಂತ ಮುಂದೆ, ಒಂದು ಚಪ್ಪಲಿಯಲ್ಲಿ ನಿಂತಿದ್ದೆ. ಹತ್ತು ಹನ್ನೆರಡು ಸೆಕೆಂಡು ಭೂಮಿ ಗುರುಗುಟ್ಟಿ ಸುಮ್ಮನಾಯಿತು. ಹಿಂದಿರುಗಿ ನೋಡಿದೆ. ಸಾರುವೆಯ ಮೇಲೆ ತಮ್ಮಣ್ಣ ಒಂದು ಕೈಯಲ್ಲಿ ಕಿಟಕಿಯ ಕಲ್ಲನ್ನೂ ಇನ್ನೊಂದರಲ್ಲಿ ಗಂಗಪ್ಪನವರ ಸೊಂಟವನ್ನೂ ಬಳಸಿ ಹಿಡಿದಿದ್ದ. ಗಂಗಪ್ಪನವರು ಎರಡು ಕೈಯಲ್ಲೂ ಮಟ್ಟಗೋಲನ್ನು ಗೋಡೆಗೆ ಒತ್ತಿಕೊಂಡು ನಿಂತಿದ್ದರು, ಹಸಿ ಗಾರೆ ಜಾರದಿರಲೆಂದು. ಧೂಳು ಇಳಿದ ಮೇಲೆ ಅವರು ಕೆಳಗೆ ನೋಡಲೂ ಇಲ್ಲ. ಗಾರೆಯನ್ನು ಮುಟ್ಟಿ ನೋಡಿ, ಬಿಟ್ಟಲ್ಲಿಂದ ತೀಡತೊಡಗಿದರು.

ಇಂಥವು ಇಲ್ಲಿ ತಿಂಗಳಿಗೊಂದು ಬರುತ್ತವೆ ಎನ್ನುತ್ತಾ ಬೆಯಾತ್ರಿಸ್ ನನ್ನ ಇನ್ನೊಂದು ಚಪ್ಪಲಿಯನ್ನು ತಂದುಕೊಟ್ಟಳು. ಎಪ್ಪತ್ತರ ಮನುಷ್ಯನನ್ನು ಮೇಲೆ ಬಿಟ್ಟು, ಒಂದು ಕೂಗನ್ನೂ ಹಾಕದೆ ಓಡಿದೆನಲ್ಲ ಎಂಬುದು ಮಧ್ಯಾಹ್ನದವರೆಗೆ ನನ್ನನ್ನು ಅಗಿಯಿತು. ಊಟಕ್ಕೆ ಕೂತಾಗ, ಮೆಕ್ಕೆಜೋಳದ ಬಿಸಿ ರೊಟ್ಟಿ ಮುಂದಿದ್ದರೂ ಕೈಹಾಕದೆ, "ಗಂಗಪ್ಪನವರೇ, ನಿಮ್ಮನ್ನ ಬಿಟ್ಟು ಓಡಿಬಿಟ್ಟೆ" ಎಂದೆ.

"ಓಡ್ಬೇಕು ಸಾರ್. ಓಡೋಕಾಗೋರು ಓಡ್ಬೇಕು. ನಾನು ಮ್ಯಾಲಿದ್ದೆ, ಜಾಗ ಇರ್ಲಿಲ್ಲ, ನಿಂತ್ಕಂಡೆ."

"ಇದೊಂದೇ ಅಲ್ಲ. ಆ ಕಲ್ಯಾಣಿ…" ಎಂದೆ. ರೊಟ್ಟಿಯ ತಟ್ಟೆಯನ್ನು ಪಕ್ಕಕ್ಕೆ ಸರಿಸಿದೆ. "ಅದನ್ನ ಕೀಳಿಸಿದ್ದು ನಾನು. ನಿಮ್ಮ ತಂದೆ ಬಂದು ಹೇಳಿದ್ರು. ನಾನು ಕೇಳಲಿಲ್ಲ."

ಗಂಗಪ್ಪನವರು ರೊಟ್ಟಿ ಮುರಿದು ಕಪ್ಪು ಬೀನ್ಸ್ ಕಾಳಿನ ಪಲ್ಯ ಹಚ್ಚಿಕೊಂಡರು. "ಗೊತ್ತು ಸಾರ್. ನಮ್ಮಪ್ಪನ ಹಿಂದೆ ಬಾಂಡ್ಲಿ ಹಿಡ್ಕಂಡು ನಿಂತಿದ್ನಲ್ಲ, ಅವ್ನು ನಾನೇ. ನಿಮ್ಮ ಬೈಕು ಕೆಂಪಂದು."

"ಮತ್ತೆ ನನ್ನನ್ನೇ ಯಾಕೆ ಕರ್ಕೊಂಡು ಬಂದ್ರಿ?"

"ಮೊಮ್ಮಗನ್ನ ಕರ್ಕಂಡು ಬಂದಿದ್ರೆ, ತಾತ ಚೆನ್ನಾಗಿ ಮಾಡ್ತಾನೆ ಅನ್ನೋನು. ಅವ್ನು ನಾನೇನು ಮಾಡಿದ್ರೂ ಅಂಗೇ ಅಂತಾನೆ. ಬ್ಯಾಡ ಅಂದಿದ್ದೋರ ಕಣ್ಮುಂದೆ ಒಂದ್ ಗೋಡೆ ಮಾಡ್ಬೇಕು ಅನ್ನಿಸ್ತಿತ್ತು ಸಾರ್, ಭಾಳ ವರ್ಷದಿಂದ." ಇನ್ನೊಂದು ರೊಟ್ಟಿ ಮುರಿದು ಹೇಳಿದರು: "ನಮ್ಮಪ್ಪ ನಿಮ್ಮನ್ನ ಬೈಲಿಲ್ಲ. ‘ಆ ಹುಡುಗ ಗಾರೆ ಮುಟ್ಟಿಲ್ಲ ಕಣ್ಲಾ, ಅವ್ನಿಗೆಂಗೆ ಗೊತ್ತಾದಾತು’ ಅಂದ. ನಾನು ಬೈದೆ. ಮನೇಲಿ ವಾರಗಟ್ಲೆ ಬೈದೆ. ಈಗ ಊಟ ಮಾಡಿ, ರೊಟ್ಟಿ ಆರ್ತದೆ."

ಕ್ಷಮಿಸಿದೆ ಎಂದು ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ. ರೊಟ್ಟಿ ತಿಂದೆವು. ಆದರೆ ಮಾರನೆಯ ಬೆಳಗ್ಗೆ ನಾನು ಕುರ್ಚಿ ಎಳೆದುಕೊಳ್ಳುವ ಹೊತ್ತಿಗೆ ಅವರು ಒಂದು ಕರಣೆಯನ್ನು ನನ್ನ ಕೈಗಿಟ್ಟು, ನೆಲಮಟ್ಟದಲ್ಲಿ ಒಂದು ಮೊಳ ಉದ್ದ, ಒಂದು ಮೊಳ ಅಗಲದ ಗೋಡೆಯನ್ನು ತೋರಿಸಿದರು. "ಮುಟ್ಟಿ ಸಾರ್."

ಮೂವತ್ತನಾಲ್ಕು ವರ್ಷ ಗೋಡೆಗಳಿಗೆ ಸಹಿ ಹಾಕಿದ ಕೈ ಅದು. ಗೋಡೆಗೆ ಏನನ್ನೂ ಮೆತ್ತಿದ್ದಲ್ಲ. ಮೊದಲ ದಿನ ನಾನು ಎಸೆದ ಗಾರೆಯಲ್ಲಿ ಮುಕ್ಕಾಲು ಪಾಲು ನನ್ನ ಪ್ಯಾಂಟಿನ ಮೇಲೆ ನಿಂತಿತು. ಗಂಗಪ್ಪನವರು ಅಷ್ಟನ್ನೂ ಕೆರೆದು ಹಾಕಿದರು. ಸುಣ್ಣ ಬೆರಳ ಸಂದಿಗಳನ್ನು ಸುಟ್ಟಾಗ, ಅಧಿಕಾರಿಯ ಕೃಪೆಯಿಂದ ಪಾರಾಗಿ ಬಂದಿದ್ದ ಕೊಬ್ಬರಿ ಎಣ್ಣೆ ಹಚ್ಚಿದರು. ಎರಡನೆಯ ಸಲ ಗೋಡೆ ಬಸುರಿಯಂತೆ ಹೊಟ್ಟೆ ಬಿಟ್ಟಿತು, ಅದನ್ನೂ ಕೆರೆದರು. ತಮ್ಮಣ್ಣ ಬಂದು ನನ್ನ ಮಣಿಕಟ್ಟು ಹಿಡಿದು ಹೇಗೆ ತಿರುಗಿಸಬೇಕೆಂದು ತೋರಿಸಿಕೊಟ್ಟ. ನಾನು ಅಂದಾಜು ಪಟ್ಟಿಯಲ್ಲಿ ಒಂದೇ ಸಾಲಿನಲ್ಲಿ ಬರೆಯುತ್ತಿದ್ದ ಕೆಲಸಕ್ಕೆ ಸೊಂಟ, ಮೊಣಕಾಲು, ಉಸಿರು, ಕಣ್ಣು ಎಲ್ಲವೂ ಬೇಕೆಂದು ಅರುವತ್ತೈದನೆಯ ವಯಸ್ಸಿನಲ್ಲಿ ತಿಳಿಯಿತು. ತಡವಾಯಿತೆಂದು ನನಗೆ ಅನ್ನಿಸಲಿಲ್ಲ. ಆ ದಿನಗಳಲ್ಲಿ ನಿದ್ದೆ ಬಂದ ಹಾಗೆ ಕೆಲಸದಲ್ಲಿದ್ದಾಗ ಯಾವತ್ತೂ ಬಂದಿರಲಿಲ್ಲ.

ಹೊರಡುವ ದಿನ ಬೆಳಗ್ಗೆ ಮೂರನೆಯ ಸಲ ಮಾಡಿದೆ. ಗಂಗಪ್ಪನವರೂ ತಮ್ಮಣ್ಣನೂ ಪಕ್ಕಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು, ತಲೆ ಓರೆ ಮಾಡಿ, ತಂತಮ್ಮ ಭಾಷೆಯಲ್ಲಿ ಏನೇನೋ ಚರ್ಚಿಸಿದರು. ಬಲಗಡೆ ಒಂದು ಸಣ್ಣ ದಿಣ್ಣೆ ಉಳಿದಿತ್ತು. ಅದು ನನಗೂ ಕಾಣುತ್ತಿತ್ತು. ಕೆರೆಯುತ್ತಾರೆಂದು ಕಾದೆ. ಗಂಗಪ್ಪನವರು ಮೊಣಕಾಲ ಮೇಲೆ ಕೈಯೂರಿ ಎದ್ದು, "ಇರ್ಲಿ ಬುಡಿ. ಗೋಡೆ ನಿಲ್ತದೆ" ಎಂದರು. ತಮ್ಮಣ್ಣ ತಲೆಯಾಡಿಸಿದ.

ಬೆಯಾತ್ರಿಸ್ ಹೊರಗೆ ಕಾರು ತಂದು ನಿಲ್ಲಿಸಿದ್ದಳು. ನಾನು ಒಬ್ಬನೇ ಗೋಡೆಯ ಮುಂದೆ ಉಳಿದು, ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು, ಅದರ ತಣ್ಣನೆಯ ಮೈಯ ಮೇಲೆ ಅಂಗೈ ಇಟ್ಟೆ. ಗಾರೆ ಗಾಳಿ ಕುಡಿದು ಕುಡಿದು ಕಲ್ಲಾಗುವುದಕ್ಕೆ ವರ್ಷಗಳೇ ಬೇಕಂತೆ. ಅಷ್ಟು ವರ್ಷ ನಾನು ಇರುವುದಿಲ್ಲ, ಅದು ಇರುತ್ತದೆ. ಕೈ ತೆಗೆದಾಗ ಐದು ಬೆರಳೂ ಅಚ್ಚೊತ್ತಿದ್ದವು. ಅಳಿಸಲೇ, ಬಿಡಲೇ ಎಂದು ತಿಳಿಯದೆ ನಿಂತಿರುವಾಗ ಚೀಲ ತೆಗೆದುಕೊಳ್ಳಲು ಬಂದ ಗಂಗಪ್ಪನವರು ಅದನ್ನು ನೋಡಿದರು. ಪಂಚೆಗೆ ಒರೆಸಿಕೊಂಡಿದ್ದ ಕೈಯನ್ನು ಮತ್ತೆ ನೀರಿಗದ್ದಿ, ದಿಣ್ಣೆಯನ್ನು ತಾಕದ ಹಾಗೆ, ಎರಡೇ ಎಳೆತದಲ್ಲಿ ನನ್ನ ಕೈಯಚ್ಚನ್ನು ಒರೆಸಿ ಹಾಕಿದರು.